ಮಿಹೊ ಕೇಳಿದ ಜಗಲಿ

“ನಿಮ್ಮ ಅತ್ತೆಗೆ ಅದು ಇಷ್ಟವಿಲ್ಲ” ಎಂದು ನಾನು ಮಿಹೊಗೆ ಹೇಳಿದೆ. ಅದು ಸುಳ್ಳು. ಅವಳ ಅತ್ತೆಯನ್ನು ನಾನು ಕೇಳಿಯೇ ಇರಲಿಲ್ಲ. ಕೆಲವು ದಿನಗಳಾದ ಮೇಲೆ ಆ ಅತ್ತೆ ತಾವಾಗಿಯೇ ಅದೇ ವಿಷಯ ಎತ್ತಿದರು. ಆಗ “ನಿಮ್ಮ ಸೊಸೆಗೆ ಬೇಡವಂತೆ” ಎಂದೆ. ಅದೂ ಸುಳ್ಳು — ಮೊದಲನೆಯದಕ್ಕಿಂತ ಕೆಟ್ಟ ಸುಳ್ಳು. ಅಷ್ಟು ಹೊತ್ತಿಗೆ ಇಬ್ಬರೂ ಬಯಸುತ್ತಿರುವುದು ಒಂದನ್ನೇ ಎಂದು ನನಗೆ ಗೊತ್ತಾಗಿತ್ತಲ್ಲ.

ಅವರಿಬ್ಬರ ಮುಂದೆ ಇದನ್ನು ಒಪ್ಪಿಕೊಂಡಾಗಿದೆ. ಇಲ್ಲಿ ಬರೆಯುತ್ತಿರುವುದು ನಿಮಗಾಗಿ. ಮಿಹೊಗಾಗಿ ನಾನು ಬಿಡಿಸಿದ ಮನೆಯ ವಿನ್ಯಾಸಕ್ಕೆ ಬಹುಮಾನ ಬಂದ ವರ್ಷ ದುಬೈಯ ನಮ್ಮ ಕನ್ನಡ ಬಳಗದವರಾದ ನೀವು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದಿರಿ. “ನೆರೆಹೊರೆಯ ಮನಸ್ಸನ್ನು ಅರಿತು ಮನೆ ಕಟ್ಟಿದ ನಮ್ಮ ಕರಾವಳಿಯ ಹೆಣ್ಣುಮಗಳು” ಎಂದು ನಿರೂಪಕರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ಕೈಮುಗಿದು ನಿಂತಿದ್ದೆ. ಆ ಚಪ್ಪಾಳೆಯನ್ನು ಹಿಂದಿರುಗಿಸುವ ದಾರಿ ನನಗೆ ತಿಳಿಯದು — ನಡೆದದ್ದನ್ನು ನಡೆದ ಹಾಗೆ ಹೇಳುವುದನ್ನು ಬಿಟ್ಟರೆ.

ನನ್ನ ಹೆಸರು ಶಮಿತಾ. ಊರು ಕಟಪಾಡಿ. ಆರ್ಕಿಟೆಕ್ಚರ್ ಓದಿ, ಮದುವೆಯಾಗಿ, ಗಂಡ ಹರೀಶರ ಹಿಂದೆ ದುಬೈಗೆ ಬಂದೆ. ಅವರಿಗೆ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದೇ ಕೋಣೆಯ ಮನೆ. ನನಗೆ ದೇರಾದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಮೊದಲು ಬೇರೆಯವರ ಕಟ್ಟಡಗಳಿಗೆ ಮೆಟ್ಟಿಲಿನ, ಶೌಚಾಲಯದ ನಕ್ಷೆ ಬಿಡಿಸಿದ್ದೇ ಬಿಡಿಸಿದ್ದು. ನನ್ನದು ಎನ್ನುವ ಒಂದು ಗೋಡೆಯೂ ಈ ನಗರದಲ್ಲಿ ಇರಲಿಲ್ಲ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಆ ಮನೆ ಕೈಗೆ ಬಂದಾಗ ನನಗೆ ಎಷ್ಟು ಹಸಿವಿತ್ತು ಎಂಬುದು ನಿಮಗೂ ತಿಳಿದಿರಲಿ ಎಂದು, ಅಷ್ಟೇ.

ಅದು ಬಂದದ್ದು ೨೦೧೨ರ ಸುಮಾರಿಗೆ. ರಾಶಿದ್ ಎಂಬ ಎಮಿರಾತಿ ತರುಣ ಜಪಾನಿನಲ್ಲಿ ಓದುವಾಗ ಮಿಹೊಳನ್ನು ಮದುವೆಯಾಗಿದ್ದ. ಜುಮೇರಾದ ಸಮುದ್ರದಂಡೆಯಿಂದ ಸ್ವಲ್ಪ ಒಳಗೆ, ಅವನು ಹುಟ್ಟಿ ಬೆಳೆದ ಫರೀಜಿನಲ್ಲಿ — ಹಳೆಯ ಕೇರಿಗಳನ್ನು ಇಲ್ಲಿ ಹಾಗೆ ಕರೆಯುತ್ತಾರೆ — ತಾಯಿಯ ಮನೆಗೆ ಎದುರಾಗಿ, ಅದೇ ಓಣಿಯಲ್ಲಿ ಒಂದು ನಿವೇಶನವಿತ್ತು. ಅಲ್ಲಿ ಹೆಂಡತಿಗೆ ಅವಳ ನಾಡಿನ ನೆನಪು ತರುವಂಥ ಹೊಸ ಕಾಲದ ಮನೆ ಬೇಕು. ಆದರೆ ಓಣಿಯಲ್ಲಿ ಅದು ಪರಕೀಯವಾಗಿ ಕಾಣಬಾರದು. ಇದು ಅವನ ಬೇಡಿಕೆ. ಅವನ ಕೆಲಸ ಸಮುದ್ರದ ನಡುವಿನ ತೈಲ ಸ್ಥಾವರದಲ್ಲಿ. ವಾರಗಟ್ಟಲೆ ಅಬುಧಾಬಿಯ ಆಚೆ ನೀರಿನ ಮೇಲೆಯೇ ಇರುತ್ತಿದ್ದ. ಆದ್ದರಿಂದ ಮನೆಯ ಮಾತು ಇಬ್ಬರು ಹೆಂಗಸರ ಜೊತೆ ನಡೆಯಬೇಕಿತ್ತು. ಮಿಹೊಗೆ ಇಂಗ್ಲಿಷ್ ಬರುತ್ತಿತ್ತು, ಅರಬಿ ಇಲ್ಲ. ಎಲ್ಲರೂ ಉಮ್ ರಾಶಿದ್, ಅಂದರೆ ರಾಶಿದನ ತಾಯಿ, ಎಂದು ಕರೆಯುತ್ತಿದ್ದ ಅವಳ ಅತ್ತೆಗೆ ಅರಬಿ ಬರುತ್ತಿತ್ತು, ಹಳೆಯ ಸಿನಿಮಾಗಳಿಂದ ಕಲಿತ ಚೆಂದದ ಹಿಂದಿಯೂ ಬರುತ್ತಿತ್ತು, ಇಂಗ್ಲಿಷ್ ಇಲ್ಲ.

“ಶಮಿತಾ, ನಿನಗೆ ಇಂಗ್ಲಿಷ್, ಹಿಂದಿ ಎರಡೂ ಬರುತ್ತದಲ್ಲ? ಈ ಮನೆ ನಿನ್ನದು. ಯಲ್ಲಾ, ಶುರುಮಾಡು!” ಎಂದರು ನಮ್ಮ ಕಚೇರಿಯ ಮುಖ್ಯಸ್ಥ ಫಾದಿ, ಲೆಬನಾನಿನವರು.

ಹೀಗೆ ಆ ಇಬ್ಬರ ನಡುವೆ ಹೋಗಿಬರುವ ಮಾತೆಲ್ಲ ನನ್ನ ಬಾಯಿಯ ಮೂಲಕ ಸಾಗುವಂತಾಯಿತು. ಅದರ ಭಾರ ಎಂಥದ್ದೆಂದು ಅಂದು ನಾನು — ಇಲ್ಲ, ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸುಳ್ಳು ಅಷ್ಟು ಸಲೀಸಾಗಿ ಹೊಳೆದದ್ದು.

ಆ ಓಣಿಯನ್ನು ನಾನು ಪ್ರೀತಿಸಿದ್ದೆ ಎಂಬುದು ಮಾತ್ರ ಸುಳ್ಳಲ್ಲ. ಒಂದಂತಸ್ತಿನ ತಗ್ಗು ಮನೆಗಳು, ಮರಳಿನ ಬಣ್ಣಕ್ಕೆ ತಿರುಗಿದ ಸುಣ್ಣದ ಗೋಡೆಗಳು, ನೀಲಿ ಹಸಿರು ಬಣ್ಣ ಬಳಿದ ಕಬ್ಬಿಣದ ಗೇಟುಗಳು. ಗೋಡೆಯಾಚೆಗೆ ಚಾಚಿದ ಕಾಡುಬಾದಾಮಿಯ ಕೊಂಬೆ. ಮೂಲೆಯಲ್ಲಿ ಮಸೀದಿ, ಅದರ ಪಕ್ಕ ಮಲಯಾಳಿಯೊಬ್ಬರ ದಿನಸಿ ಅಂಗಡಿ. ನಾನು ಅಲ್ಲಿ ಬೆಳಿಗ್ಗೆಯೂ ಸಂಜೆಯೂ ನಡೆದಾಡಿ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿದೆ. ಮಿಹೊ ತನ್ನ ಅಜ್ಜಿಯ ಮನೆಯ ಫೋಟೋಗಳನ್ನು ತೋರಿಸಿದಳು: ಕ್ಯೋಟೋದ ಇಕ್ಕಟ್ಟಾದ ಬೀದಿಯಲ್ಲಿ ಕಪ್ಪಾದ ಮರದ ಮನೆ, ಇಳಿಬಿದ್ದ ಸೂರು, ಸಣ್ಣ ಪಟ್ಟಿಗಳ ಜಾಲಂದ್ರ, ನಡುವೆ ಅಂಗೈಯಗಲದ ಅಂಗಳ. ಆ ಜಾಲಂದ್ರಕ್ಕೂ ಈ ಫರೀಜಿನ ಹಳೆಯ ಕಿಟಕಿಗಳ ಮರದ ಜಾಲರಿಗೂ, ಆ ಅಂಗಳಕ್ಕೂ ಇಲ್ಲಿಯ ಹೌಶ್ ಎಂಬ ಒಳಾಂಗಣಕ್ಕೂ ಅಂಥ ದೂರವೇನೂ ಇರಲಿಲ್ಲ. ಎರಡೂ ಕಡೆಯವರು ಬೆಳಕನ್ನು ಸೋಸಿ ಒಳಗೆ ಬಿಟ್ಟುಕೊಳ್ಳುವವರು. ಎರಡೂ ಕಡೆ ಚಪ್ಪಲಿ ಬಾಗಿಲಿನ ಹೊರಗೆ. ನನಗೆ ಪುಳಕವಾಗಿತ್ತು.

ನಾನು ಬಿಡಿಸಿದ ಮನೆ ಅಕ್ಕಪಕ್ಕದ ಮನೆಗಳಿಗಿಂತ ಒಂದಿಷ್ಟೂ ಎತ್ತರವಿಲ್ಲ. ಒಳಾಂಗಣದಲ್ಲಿ ಒಂದು ಸಿದ್ರ್ ಮರ, ಅಂದರೆ ನಮ್ಮ ಬೋರೆಹಣ್ಣಿನ ಮರದ ಜಾತಿಯದು. ಅದರ ಬುಡದಲ್ಲಿ ನುಣುಪಾದ ಕಲ್ಲು. ಸುತ್ತಲೂ ಮರದ ಹಲಗೆಯ ಮೊಗಸಾಲೆ. ಓಣಿಯ ಕಡೆಗೆ ಮಾತ್ರ ಒಂದೇ ಒಂದು ಉದ್ದನೆಯ ಗೋಡೆ. ಮಣ್ಣಿನ ಬಣ್ಣದ ಗಾರೆ, ಒಂದು ಬಿರುಕಿಲ್ಲ, ಕಿಟಕಿಯಿಲ್ಲ, ಒಂದು ತುದಿಯಲ್ಲಿ ತಗ್ಗಾದ ಬಾಗಿಲು. ಆ ಗೋಡೆಯೇ ನನ್ನ ಹೆಮ್ಮೆ. ಫಾದಿ ಅದರ ನೇರ ಗೆರೆಯನ್ನು ಹೊಗಳಿ, “ಇದನ್ನು ಈ ವರ್ಷದ ಬಹುಮಾನಕ್ಕೆ ಕಳಿಸೋಣ” ಎಂದರು.

ನಗರಸಭೆಗೆ ಒಪ್ಪಿಗೆಗಾಗಿ ನಕ್ಷೆ ಹೋಗುವುದಕ್ಕೆ ಮುಂಚೆ ಮಿಹೊ ಕಚೇರಿಗೆ ಬಂದಳು. ಆಗ ಅವಳು ಬಸುರಿ. ಮನೆಯ ಪುಟ್ಟ ಮಾದರಿಯ ಮುಂದೆ ಕುಳಿತು ಆ ಉದ್ದದ ಗೋಡೆಯನ್ನು ಬೆರಳಿನಿಂದ ಸವರಿದಳು.

“ಶಮಿತಾ, ಇದು ತುಂಬ ಸುಂದರವಾಗಿದೆ,” ಎಂದಳು. “ಒಂದೇ ಒಂದು ಕೇಳಲೇ? ಈ ಗೋಡೆಯನ್ನು ಇಲ್ಲಿ ಸ್ವಲ್ಪ ಹಿಂದಕ್ಕೆ ತಳ್ಳಿ, ಹೊರಗಡೆ ಕುಳಿತುಕೊಳ್ಳುವ ಜಾಗ ಮಾಡಲಾಗುತ್ತದೆಯೇ? ಮೇಲೊಂದು ಸೂರು. ಅಜ್ಜಿಯ ಮನೆಯ ಮುಂದೆ ಅಂಥದ್ದೊಂದು ಇತ್ತು. ಸಂಜೆ ಬೀದಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ನನಗೆ ಇಲ್ಲಿ ಯಾರೂ ಗೊತ್ತಿಲ್ಲ. ಒಳಗೆ ಕುಳಿತರೆ ಯಾರೂ ಗೊತ್ತಾಗುವುದೂ ಇಲ್ಲ.”

ಜಗಲಿ. ಅವಳು ಕೇಳುತ್ತಿದ್ದುದು ಜಗಲಿಯನ್ನು. ಅದೇನೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕಟಪಾಡಿಯ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ, ಪಕ್ಕದ ಮನೆಯ ಗುಲಾಬಿ ಅಕ್ಕ, ಹಿಂದಿನ ಮನೆಯ ಬ್ಯಾರಿ ಹೆಂಗಸು ಝುಲೇಖಾ — ಮೂವರೂ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಒಬ್ಬಳ ಮಗಳ ಮದುವೆ ಇನ್ನೊಬ್ಬಳ ಚಿಂತೆಯಾಗುತ್ತಿದ್ದುದು ಆ ಜಗಲಿಯಲ್ಲಿ. ಅಪ್ಪ ತೀರಿಹೋದ ವರ್ಷ ಅಮ್ಮನನ್ನು ಬದುಕಿಸಿದ್ದೂ ಅದೇ. ಇದೆಲ್ಲ ಗೊತ್ತಿದ್ದವಳು ನಾನು.

ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ನನ್ನ ಗೋಡೆ ಮುರಿಯುವುದು ಮಾತ್ರ. ಆ ಉದ್ದ, ಆ ಮೌನ, ಫಾದಿ ಹೊಗಳಿದ ಆ ನೇರ ಗೆರೆ. ಮತ್ತೆ ಎಲ್ಲ ನಕ್ಷೆಗಳನ್ನೂ ಬದಲಾಯಿಸಬೇಕು, ಬಹುಮಾನಕ್ಕೆ ಕಳಿಸುವ ಗಡುವು ತಪ್ಪುತ್ತದೆ... “ಆಗುತ್ತದೆ, ಆದರೆ ನನಗೆ ಮನಸ್ಸಿಲ್ಲ” ಎನ್ನಬಹುದಿತ್ತು. ಅವಳು ವಾದಿಸುತ್ತಿದ್ದಳು, ಬಹುಶಃ ಗೆಲ್ಲುತ್ತಿದ್ದಳು. ವಾದಿಸಲಾಗದ ಕಾರಣವೊಂದು ನನಗೆ ಬೇಕಿತ್ತು.

“ನಾನೂ ಅದನ್ನು ಯೋಚಿಸಿದ್ದೆ, ಮಿಹೊ,” ಎಂದೆ. “ಆದರೆ ನಿಮ್ಮ ಅತ್ತೆಗೆ ಅದು ಇಷ್ಟವಿಲ್ಲ. ಮನೆಯ ಸೊಸೆ ಓಣಿಯಲ್ಲಿ ಕೂರುವುದು... ನಿಮಗೆ ಅರ್ಥವಾಗುತ್ತದಲ್ಲ.”

ಅವಳ ಬೆರಳು ಗೋಡೆಯ ಮೇಲೆ ನಿಂತಿತು. “ಓ,” ಎಂದಳು. “ಹೌದು. ಕೇಳಿದ್ದೇ ತಪ್ಪಾಯಿತು. ದಯವಿಟ್ಟು ನಾನು ಕೇಳಿದೆ ಎಂದು ಅವರಿಗೆ ಹೇಳಬೇಡಿ.”

ಹೇಳಬೇಡಿ ಎಂದಳು! ನನಗೆ ಎಂಥ ನಿರಾಳವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ.

ಆಮೇಲಿನ ವಾರ ಉಮ್ ರಾಶಿದ್ ಮನೆಗೆ ಹೋಗಿದ್ದೆ, ಓಣಿಯ ಚರಂಡಿಯ ವಿಷಯ ಕೇಳಲು. ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ, ಮೇಲೆ ಬಿಸಿ ಬಿಸಿ ಲುಗೈಮಾತ್ ಎಂಬ ಸಿಹಿ ಬೋಂಡಾ. ಬಾಯಿಗೆ ತುರುಕದೆ ಬಿಡುವವರಲ್ಲ ಅವರು. ನನ್ನನ್ನು “ಮುಹಂದಿಸಾ” ಎನ್ನುತ್ತಿದ್ದರು, ಇಂಜಿನಿಯರಮ್ಮ ಎಂಬ ಹಾಗೆ.

“ಮುಹಂದಿಸಾ, ಹೊರಗೆ ದಕ್ಕಾ ಇಡುತ್ತೀಯಲ್ಲ?” ಎಂದು ಹಿಂದಿಯಲ್ಲಿ ಕೇಳಿದರು. ದಕ್ಕಾ ಎಂದರೆ ಮನೆಯ ಹೊರಗೋಡೆಗೆ ಅಂಟಿದ ಕಟ್ಟೆ. “ನನ್ನ ಮನೆಯ ದಕ್ಕಾವನ್ನು ಓಣಿಗೆ ಇಟ್ಟಿಗೆ ಹಾಕುವಾಗ ಕೆಡವಿದರು. ಈಗ ನಾವು ಮುದುಕಿಯರು ಚಾಪೆ ಹಾಸಿ ಕೂರುವುದು. ಮಂಡಿ ನೋವು, ಏಳಲು ಆಗುವುದಿಲ್ಲ. ಹುಡುಗಿಯ ಮನೆ ಮುಂದೆ ಒಂದು ಕಟ್ಟಿದರೆ ಅವಳೂ ಬಂದು ಕೂರುತ್ತಾಳೆ. ನನಗೆ ಅವಳ ಭಾಷೆ ಬರುವುದಿಲ್ಲ, ಅವಳಿಗೆ ನನ್ನದು ಬರುವುದಿಲ್ಲ. ಜೊತೆಗೆ ಕೂತರೆ ಬರುತ್ತದೆ.”

ಎಲ್ಲವನ್ನೂ ಸರಿಮಾಡಲು ದೇವರೇ ಕೊಟ್ಟ ಗಳಿಗೆ ಅದು. “ಅಯ್ಯೋ ಅಮ್ಮಾ, ಅವಳೂ ಅದನ್ನೇ ಕೇಳಿದಳು” ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ನನ್ನ ಮೊದಲ ಸುಳ್ಳು ಬಯಲಾಗುತ್ತಿತ್ತು. ಮತ್ತು ಗೋಡೆ —

“ನಿಮ್ಮ ಸೊಸೆಗೆ ಬೇಡವಂತೆ, ಅಮ್ಮಾ,” ಎಂದೆ. “ಅವರ ಕಡೆ ಹಾಗೆ ಹೊರಗೆ ಕೂರುವ ಪದ್ಧತಿ ಇಲ್ಲ.”

ಅವರು ಕಾಫಿಯ ಹೂಜಿಯನ್ನು ಕೆಳಗಿಟ್ಟರು. “ನಮ್ಮ ಜೊತೆ ಕೂರಲು ಇಷ್ಟವಿಲ್ಲವೋ?”

ನಾನು ಏನೂ ಹೇಳಲಿಲ್ಲ. ಆ ಸುಮ್ಮನಿರುವಿಕೆ — ನಾನು ಆಡಿದ ಎರಡು ಸುಳ್ಳುಗಳಿಗಿಂತ ಅದೇ ಹೆಚ್ಚು ಹಾಳು ಮಾಡಿತು ಎಂದು ಈಗ ಅನಿಸುತ್ತದೆ.

“ಖಲಾಸ್. ಅವಳ ಮನೆ, ಅವಳ ಇಷ್ಟ,” ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಮನೆ ಎದ್ದು ನಿಂತಿತು. ಕಟ್ಟಿದವರು ಉಳ್ಳಾಲದ ಕಾಂಟ್ರಾಕ್ಟರ್ ಹಮೀದಣ್ಣ. ನನ್ನೊಡನೆ ತುಳುವಿನಲ್ಲೂ, ಕೆಲಸಗಾರರೊಡನೆ ಇನ್ನಾವುದೋ ನಾಲ್ಕು ಭಾಷೆಗಳಲ್ಲೂ ಗದ್ದಲ ಮಾಡುವವರು. ಗೋಡೆಯ ಗಾರೆ ಒಂದೇ ಸಮ ಬರಲೆಂದು ಎರಡು ಸಲ ಕೆರೆಸಿ ಮತ್ತೆ ಬಳಿಸಿದೆ. ಬಹುಮಾನ ಬಂತು. ‘ಹಳೆಯ ನೆರೆಹೊರೆಗೆ ತಲೆಬಾಗುವ ಆಧುನಿಕ ಜಪಾನಿ ಮನೆ’ ಎಂದು ಪತ್ರಿಕೆಯೊಂದರಲ್ಲಿ ಬರೆದರು. ನನಗೆ ಹುದ್ದೆ ಏರಿತು, ನಾವು ಎರಡು ಕೋಣೆಯ ಮನೆಗೆ ಹೋದೆವು, ಮಗಳು ಅನಘಾ ಹುಟ್ಟಿದಳು. ನೀವು ಶಾಲು ಹೊದಿಸಿದಿರಿ. ಆ ಸಂಜೆ ವೇದಿಕೆಯ ಮೇಲೆ ನಾನು ‘ನೆರೆಹೊರೆ’ ಎಂಬ ಮಾತನ್ನು ಎಷ್ಟು ಸಲ ಆಡಿದೆನೋ. ಆಡಿದಾಗಲೆಲ್ಲ ಹೂಜಿ ಕೆಳಗಿಟ್ಟ ಆ ಕೈ ಕಣ್ಣಿಗೆ ಬರುತ್ತಿತ್ತು, ಹೋಗುತ್ತಿತ್ತು. ಮನುಷ್ಯರು ಇಂಥದ್ದರ ಜೊತೆ ಆರಾಮವಾಗಿ ಬದುಕಬಲ್ಲರು, ನಾನು ಬದುಕಿದೆ.

ಒಮ್ಮೆ ಮಾತ್ರ, ಮನೆ ನೋಡಲು ಬಯಸಿದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಚಳಿಗಾಲದ ಸಂಜೆ. ಮಕ್ಕಳು ಒಳಾಂಗಣದಲ್ಲಿ ಫೋಟೋ ತೆಗೆಯುತ್ತಿದ್ದಾಗ ಮಿಹೊಳನ್ನು ಹುಡುಕಿದೆ. ಅವಳು ಓಣಿಯ ಗೋಡೆಯ ಒಳಮಗ್ಗುಲಲ್ಲಿ, ಮಗಳು ಮರಿಯಮಳನ್ನು ಕಾಲ ಮೇಲೆ ಕೂರಿಸಿಕೊಂಡು ಕುಳಿತಿದ್ದಳು. ಗೋಡೆಯಾಚೆ ಮುದುಕಿಯರ ನಗು, ಲೋಟಗಳ ಸದ್ದು.

“ಇಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತದೆ,” ಎಂದಳು. “ನಾನು ಹೀಗೆಯೇ ಅರಬಿ ಕಲಿತದ್ದು. ಈಗ ಬಹಳಷ್ಟು ತಿಳಿಯುತ್ತದೆ. ಮಾತಾಡಲು ಮಾತ್ರ ಅವಕಾಶ ಇಲ್ಲ.” ಮುಗುಳ್ನಕ್ಕಳು. “ಅತ್ತೆ ಒಳ್ಳೆಯವರು. ಶುಕ್ರವಾರ ಊಟಕ್ಕೆ ಕರೆಯುತ್ತಾರೆ. ಇಲ್ಲಿಗೆ ಬರುವುದಿಲ್ಲ, ಅಷ್ಟೇ. ನನ್ನಿಂದ ಅವರಿಗೆ ಮುಜುಗರ.”

ನಾನು ಹೇಳಬಹುದಿತ್ತು. ವಿದ್ಯಾರ್ಥಿಗಳಿದ್ದರು — ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಕಾರಿನಲ್ಲಿ ಕುಳಿತು ಅತ್ತುಬಿಟ್ಟೆ. ಅತ್ತು, ಮನೆಗೆ ಹೋಗಿ, ಮರುದಿನ ಕೆಲಸಕ್ಕೆ ಹೋದೆ. ಅತ್ತದ್ದರಿಂದ ಆ ಓಣಿಯಲ್ಲಿ ಯಾರಿಗೂ ಏನೂ ಆಗಲಿಲ್ಲ.

ಅದಾದ ಮೇಲೂ ಒಂದು ವರ್ಷ ಹೋಯಿತು. ಒಂದು ದಿನ ರಾಶಿದ್ ಫೋನ್ ಮಾಡಿದ. ಅಬುಧಾಬಿಗೆ ಮನೆ ಬದಲಾಯಿಸುತ್ತಿದ್ದೇವೆ, ಜುಮೇರಾದ ಮನೆಯನ್ನು ಬಾಡಿಗೆಗೆ ಕೊಡುತ್ತೇವೆ, ಬರುವವರಿಗೆ ತೋರಿಸಲು ನಕ್ಷೆಗಳು ಬೇಕು ಎಂದ. “ಮಿಹೊಗೆ ಇಲ್ಲಿ ಒಗ್ಗಲಿಲ್ಲ. ಅಮ್ಮನಿಗೂ ಅವಳಿಗೂ... ಜಗಳವೇನಿಲ್ಲ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಅಮ್ಮ ಏನೂ ಹೇಳುವುದಿಲ್ಲ. ಆದರೆ ಮರಿಯಮ್ ಹೋದರೆ ಅವರು ತೀರಾ ಕುಸಿಯುತ್ತಾರೆ.”

ಆ ಸಂಜೆ ಊಟಕ್ಕೆ ಕುಳಿತಾಗ ಹರೀಶರಿಗೆ ಎಲ್ಲವನ್ನೂ ಹೇಳಿದೆ. ಐದಾರು ವರ್ಷಗಳಲ್ಲಿ ಮೊದಲ ಸಲ. ಅವರು ಗಂಜಿಯ ಬಟ್ಟಲು ಸರಿಸಿ ನನ್ನನ್ನೇ ನೋಡಿದರು.

“ನನಗೆ ಯಾಕೆ ಹೇಳ್ತಿದ್ದಿ ಮಾರಾಯ್ತಿ? ನಾನು ಆ ಓಣಿಯಲ್ಲಿ ಇದ್ದೇನಾ? ಅವರಿಗೆ ಹೇಳು.”

“ಕೆಲಸ ಹೋದರೆ?”

“ಹೋದರೆ ಹೋಯ್ತು. ಆ ಮುದುಕಿಯ ಮೊಮ್ಮಗಳು ಹೋಗ್ತಿದ್ದಾಳಲ್ಲ.”

ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ ಮಿಹೊಳ ಬಾಗಿಲು ತಟ್ಟಿದೆ. ಒಳಗೆ ರಟ್ಟಿನ ಪೆಟ್ಟಿಗೆಗಳು ಆಗಲೇ ಬಂದಿದ್ದವು. ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಬೇರೆ ಮಾತು ಬರುತ್ತದೆ ಎಂದು ಹೆದರಿ, ನಿಂತಲ್ಲಿಯೇ ಹೇಳಿದೆ.

ಮಿಹೊ ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತೀರಾ ಸಣ್ಣ ದನಿಯಲ್ಲಿ ಕೇಳಿದಳು: “ಅವರನ್ನು ನೀವು ಕೇಳಲೇ ಇಲ್ಲವೇ?”

“ಇಲ್ಲ.”

“ನಾನೂ ಕೇಳಲಿಲ್ಲ,” ಎಂದಳು. “ನಮ್ಮಲ್ಲಿ ಹಾಗೆ ಕೇಳುವುದಿಲ್ಲ. ಬೇಡ ಎಂದವರನ್ನು ಮತ್ತೆ ಕೇಳಿ ನೋಯಿಸುವುದಿಲ್ಲ.” ಆಮೇಲೆ ಚಪ್ಪಲಿ ಮೆಟ್ಟಿದಳು. “ಬನ್ನಿ. ಇದನ್ನು ಅವರಿಗೂ ಹೇಳಿ. ನನ್ನ ಮುಂದೆ.”

ಓಣಿಯನ್ನು ದಾಟಿದೆವು. ಅದು ಎಷ್ಟು ಕಿರಿದಾದ ಓಣಿ! ಉಮ್ ರಾಶಿದ್ ಹೊರಗೆ ಚಾಪೆಯ ಮೇಲೆ ಒಬ್ಬರೇ ಇದ್ದರು. ಸೊಸೆಯನ್ನು ಕಂಡು ಏಳಲು ಹೊರಟವರ ಎದುರಿಗೆ ಮಿಹೊ ಕೆಳಗೆ ಕುಳಿತೇಬಿಟ್ಟಳು. ನಾನೂ ಕುಳಿತೆ. ಹಿಂದಿಯಲ್ಲಿ ಶುರುಮಾಡಿದೆ.

ಒಂದೊಂದು ವಾಕ್ಯಕ್ಕೂ ಮಿಹೊ ನನ್ನನ್ನು ತಡೆದಳು. “ಈಗ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ.” ಅಂದರೆ ಪ್ರತಿಯೊಂದನ್ನೂ ಎರಡು ಸಲ ಒಪ್ಪಿಕೊಳ್ಳಬೇಕಾಯಿತು. ಇವಳು ಕೇಳಿದಳು, ನಾನು ನಿಮ್ಮ ಹೆಸರು ಹೇಳಿ ಸುಳ್ಳಾಡಿದೆ. ನೀವು ಕೇಳಿದಿರಿ, ಇವಳ ಹೆಸರು ಹೇಳಿ ಸುಳ್ಳಾಡಿದೆ. ನಮ್ಮ ಜೊತೆ ಕೂರಲು ಇಷ್ಟವಿಲ್ಲವೋ ಎಂದು ನೀವು ಕೇಳಿದಾಗ ನಾನು ಸುಮ್ಮನಿದ್ದೆ. ಕನ್ನಡದಲ್ಲಾದರೆ ಪಶ್ಚಾತ್ತಾಪಕ್ಕೆ ನೂರು ಮಾತು ಸಿಗುತ್ತಿತ್ತು, ಅವುಗಳ ಹಿಂದೆ ಅಡಗಬಹುದಿತ್ತು. ಬೇರೆಯವರ ಎರಡು ಭಾಷೆಗಳಲ್ಲಿ ನನ್ನ ಬಳಿ ಇದ್ದದ್ದು ಬೋಳು ಮಾತುಗಳು ಮಾತ್ರ.

“ಯಾಕೆ?” ಎಂದರು ಉಮ್ ರಾಶಿದ್.

“ಗೋಡೆ ಚೆನ್ನಾಗಿ ಕಾಣಲಿ ಎಂದು, ಅಮ್ಮಾ.”

ಅವರು ತಿರುಗಿ ಎದುರಿನ ಗೋಡೆಯನ್ನು ನೋಡಿದರು. ಅದರಲ್ಲಿ ಏನಿದೆ ಎಂದು ಹುಡುಕುವವರ ಹಾಗೆ ನೋಡಿದರು.

“ನನ್ನ ಮನೆಯಲ್ಲಿ ಕೂತು ತಿಂದೆ ನೀನು,” ಎಂದರು.

“ತಪ್ಪಾಯಿತು. ಮಾಫಿ ಕೊಡಿ, ಅಮ್ಮಾ.”

“ಮಾಫಿ!” ಎಂದರು ಅವರು. ಹಿಂದಿಯಲ್ಲಿ ಅದು ಕ್ಷಮೆ. ಅವರ ಅರಬಿಯಲ್ಲಿ ಅದೇ ಸದ್ದಿಗೆ ‘ಇಲ್ಲ’ ಎಂದರ್ಥ. ಅವರು ಆಡಿದ್ದು ಅರಬಿ. ಅದರಲ್ಲಿ ಸಂದೇಹವಿರಲಿಲ್ಲ.

ಆಮೇಲೆ ನಾನು ಅಲ್ಲಿಲ್ಲ ಎಂಬಂತೆ ಸೊಸೆಯ ಕಡೆ ತಿರುಗಿ ಅರಬಿಯಲ್ಲಿ ಏನೋ ಕೇಳಿದರು. ಮಿಹೊ ಉತ್ತರಿಸಿದಳು — ತಡವರಿಸುತ್ತ, ಆದರೆ ನಿಲ್ಲದೆ. ಗೋಡೆಯ ಹಿಂದೆ ಕುಳಿತು ಕಲಿತ ಅರಬಿ. ಅದು ಇಂದಿನ ಹುಡುಗಿಯರ ಮಾತಾಗಿರಲಿಲ್ಲವಂತೆ, ಮುದುಕಿಯರ ಮಾತಾಗಿತ್ತಂತೆ. ಉಮ್ ರಾಶಿದ್ ಮೊದಲು ಬೆಚ್ಚಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರುಮಾಡಿದರು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡರು. ಸೊಸೆಯ ಕೈಯನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅವರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ನಾನು ಎದ್ದು ಬಂದೆ. ಯಾರೂ ತಡೆಯಲಿಲ್ಲ.

ಫಾದಿಯವರಿಗೂ ಹೇಳಿದೆ. “ಹಳೆಯ ಕತೆ, ಬಿಡು” ಎಂದು ಕೈ ಬೀಸಿದರು. ಬಹುಮಾನ ಕೊಟ್ಟವರಿಗೆ ತಿಳಿಸುತ್ತೇನೆ ಎಂದಾಗ ಮಾತ್ರ ಸಿಟ್ಟಾದರು. ತಿಳಿಸಿದೆ. ಅವರಿಂದ ಉತ್ತರ ಬರಲಿಲ್ಲ. ಆ ಫೋಟೋಗಳನ್ನು ನಾನು ಈಗ ಎಲ್ಲಿಯೂ ತೋರಿಸುವುದಿಲ್ಲ.

ರಾಶಿದ್‌ನಿಂದ ಒಂದೇ ಸಾಲಿನ ಸಂದೇಶ ಬಂತು: ಮನೆ ಬಾಡಿಗೆಗಿಲ್ಲ, ಗೋಡೆ ಬದಲಾಯಿಸಬೇಕು. ಬೇರೆ ಯಾರನ್ನಾದರೂ ಕರೆಯುತ್ತಾರೆ ಎಂದುಕೊಂಡಿದ್ದೆ. ಆದರೆ ಮಿಹೊ ಹೇಳಿ ಕಳಿಸಿದ್ದಳು — ಶಮಿತಾಳೇ ಬಿಡಿಸಲಿ ಎಂದು.

ಈ ಸಲ ನನ್ನ ಕಲ್ಪನೆ ಯಾರಿಗೂ ಬೇಕಿರಲಿಲ್ಲ. ಅತ್ತೆ ಸೊಸೆ ಅಕ್ಕಪಕ್ಕ ನಿಂತು ಹೇಳಿದರು, ನಾನು ಬರೆದುಕೊಂಡೆ. ಗೋಡೆಯ ನಡುಭಾಗ ಹಿಂದಕ್ಕೆ ಸರಿಯಬೇಕು. ಕಟ್ಟೆ ಮಂಡಿ ನೋಯದಷ್ಟು ಎತ್ತರವಿರಲಿ ಎಂದು ಒಬ್ಬರು. ಅದರ ಮೇಲೆ ಸುಡದ ಹಾಗೆ ಮರದ ಹಲಗೆಯಿರಲಿ ಎಂದು ಇನ್ನೊಬ್ಬರು. ಸೂರು ಇಳಿಬಿದ್ದಿರಬೇಕು, ಅದರ ಕೆಳಗಿನ ಜಾಲರಿ ಫರೀಜಿನ ಹಳೆಯ ಮಾದರಿಯದಾಗಬೇಕು. ಹಿಂದೆ ಒಂದು ಸಣ್ಣ ಕಿಂಡಿ — ಒಳಗಿನಿಂದ ಕಾಫಿ ದಾಟಿಸಲು. ಬಿಡಿಸುತ್ತ ಹೋದಂತೆ ನನ್ನ ಕೈ ತಾನಾಗಿ ನಿಂತಿತು. ಓಣಿಯ ಜೊತೆ ಆ ಮನೆ ಮಾತಾಡಲು ಶುರುಮಾಡಿದ್ದು ಈಗ. ಜಪಾನಿನದೂ ಹೌದು, ಜುಮೇರಾದ್ದೂ ಹೌದು ಎನ್ನುವಂಥ ಮನೆ ಅಂತೂ ಆಯಿತು. ಅದನ್ನು ಮಾಡಿದವಳು ನಾನಲ್ಲ.

ಗೋಡೆ ಒಡೆಯಲು ಹಮೀದಣ್ಣನೇ ಬಂದರು. “ಎಂತ ಮೇಡಮ್ಮ ಇದು! ನಾವೇ ಕಟ್ಟಿದ್ದು, ನಾವೇ ಒಡೆಯುವುದಾ? ಗಾರೆ ಸಮ ಬರಲಿಲ್ಲಾಂತ ಎರಡು ಸಲ ನನ್ನ ಜೀವ ತಿಂದಿದ್ದೀರಿ!”

“ಒಡೆಯಿರಿ ಹಮೀದಣ್ಣ,” ಎಂದೆ. ಮೊದಲ ಏಟು ಬಿದ್ದಾಗ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಕೆಲಸ ಮುಗಿದ ಮೇಲೆ ಅಲ್ಲಿ ಹೆಂಗಸರೆಲ್ಲ ಸೇರಿ ಗೋಧಿ ಮಾಂಸ ಬೇಯಿಸಿ ಕಡೆದ ಹರೀಸ್ ಮಾಡಿ ಹಂಚಿದರಂತೆ. ಮಿಹೊ ಅಕ್ಕಿಯ ಸಿಹಿ ಉಂಡೆ ಮಾಡಿದ್ದಳಂತೆ. ಇದನ್ನು ಹೇಳಿದ್ದು ಹಮೀದಣ್ಣ. ನನ್ನನ್ನು ಕರೆದಿರಲಿಲ್ಲ. ಕರೆಯದೆ ಇದ್ದದ್ದು ಸರಿ. ಆ ಇಬ್ಬರು ಗೋಡೆಯ ಎರಡು ಕಡೆ ಕಳೆದ ವರ್ಷಗಳು, ಮರಿಯಮಳ ಮೊದಲ ಹೆಜ್ಜೆ, ಮೊದಲ ತೊದಲು — ಉಮ್ ರಾಶಿದ್ ಶುಕ್ರವಾರಗಳಲ್ಲಿ ಮಾತ್ರ ಕಂಡದ್ದು — ಅವು ಯಾವ ಜಗಲಿ ಕಟ್ಟಿದರೂ ಹಿಂದಿರುಗುವುದಿಲ್ಲ.

ಹೋದ ತಿಂಗಳು ಮಿಹೊ ಫೋನ್ ಮಾಡಿದಳು. ಅತ್ತೆಯ ಹಳೆಯ ಮನೆಯ ಮಾಳಿಗೆ ಬಿರುಕು ಬಿಟ್ಟಿದೆ, ದುರಸ್ತಿಯಾಗಬೇಕು, ಜೊತೆಗೊಂದು ಹೊಸ ಕಿಟಕಿಯೂ ಬೇಕು ಎಂದಳು. ನಕ್ಷೆ ಬಿಡಿಸಿಕೊಂಡು ಹೋದೆ. ಉಮ್ ರಾಶಿದ್ ಕಾಫಿ ಕೊಟ್ಟರು, ಲುಗೈಮಾತ್ ಇರಲಿಲ್ಲ. ಮಿಹೊ ಪಕ್ಕದಲ್ಲೇ ಇದ್ದಳು. ಅವಳಿಗೆ ಈಗ ಅತ್ತೆಯ ಮಾತು ನನಗಿಂತ ಚೆನ್ನಾಗಿ ತಿಳಿಯುತ್ತದೆ. ನನ್ನ ಅಗತ್ಯವೇ ಇರಲಿಲ್ಲ. ಆದರೂ ಉಮ್ ರಾಶಿದ್ ಬೇಕೆಂದೇ ಹಿಂದಿಯಲ್ಲಿ ನನಗೆ ಹೇಳಿದರು:

“ಮುಹಂದಿಸಾ, ನನ್ನ ಸೊಸೆಗೆ ಹೇಳು. ಈ ಮುಹಂದಿಸಾ ಬಿಡಿಸಿದ ನಕ್ಷೆ ನನಗೆ ಹಿಡಿಸಲಿಲ್ಲ. ಕಿಟಕಿ ಚಿಕ್ಕದಾಯಿತು. ಮತ್ತೆ ಬಿಡಿಸಿಕೊಂಡು ಬರಲಿ.”

ಮಿಹೊ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಿಮ್ಮ ಅತ್ತೆಗೆ ನನ್ನ ನಕ್ಷೆ ಇಷ್ಟವಾಗಲಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. “ಕಿಟಕಿ ಚಿಕ್ಕದಾಯಿತಂತೆ. ಮತ್ತೆ ಬಿಡಿಸಿಕೊಂಡು ಬರಬೇಕಂತೆ.”

ಉಮ್ ರಾಶಿದ್ ಸೊಸೆಯ ಕಡೆ ನೋಡಿದರು. ನಾನು ಹೇಳಿದ್ದು ಸರಿಯಾಗಿದೆ ಎಂಬಂತೆ ಮಿಹೊ ತಲೆದೂಗಿದಳು. ಮುದುಕಿ ನನ್ನ ಖಾಲಿ ಬಟ್ಟಲನ್ನು ತೆಗೆದುಕೊಂಡು, ಇನ್ನೊಮ್ಮೆ ಕಾಫಿ ಬಗ್ಗಿಸಿ, ನನ್ನ ಕೈಗಿಟ್ಟರು. ಕುಡಿದು, ನಕ್ಷೆ ಸುರುಳಿ ಸುತ್ತಿಕೊಂಡು ಎದ್ದೆ. ಕಿಟಕಿಯನ್ನು ಎಷ್ಟು ದೊಡ್ಡದು ಮಾಡಲಿ ಎಂದು ಇಬ್ಬರನ್ನೂ ಕೇಳಿಯೇ ಹೊರಟೆ.